ಹೆದರಿಕೆಯ ಗುರುತು
ಮರಳಿನಲ್ಲಿ ಬೈಕ್ ಓಡಿಸಲು ಕಲಿಸುವ ನಮ್ಮ ಮೇಷ್ಟ್ರ ಕಿವಿಯಲ್ಲೂ ಮರಳು, ಚಹಾ ಲೋಟದ ತಳದಲ್ಲೂ ಮರಳು; ಹೆಂಡತಿ ದಿನಕ್ಕೆರಡು ಸಲ ಹಾಸಿಗೆ ಕೊಡವುತ್ತಾರೆ. ಗಾಡಿ ಅಲ್ಲಾಡಿದರೆ ಎಲ್ಲರೂ ಬ್ರೇಕ್ ಹಿಡಿಯುತ್ತಾರೆ, ಇವರು ಮಾತ್ರ "ಆಡ್ಲಿ ಬಿಡ್ರೀ, ಇನ್ನೂ ಎಕ್ಸಿಲೇಟರ್ ಕೊಡಿ!" ಎಂದು ಗಂಟಲು ಹರಿದುಕೊಳ್ಳುತ್ತಾರೆ. ಬಿದ್ದವರನ್ನು ಎತ್ತುವ ಮೊದಲೇ ಚಕ್ರದ ಗುರುತಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಬ್ರೇಕ್ ಹಿಡಿದಾಗ ಚಕ್ರ ಹೂತು ಗೆರೆ ಆಳವಾದ ಕಡೆ ಬೆರಳಿಟ್ಟು, "ನೋಡಿ, ನೀವು ಹೆದರಿದ್ದು ಇಲ್ಲೇ" ಅನ್ನುತ್ತಾರೆ. ಇವರಿಗೇ ಹೆದರಿಕೆ ಅನ್ನುವುದು ಗೊತ್ತೋ ಇಲ್ಲವೋ ಎಂಬ ಕುತೂಹಲ ನನಗಿತ್ತು. ಮೊನ್ನೆ ಇವರ ಮಗಳು ಮೊದಲ ಸಲ ಒಬ್ಬಳೇ ಮರಳಿಗಿಳಿದು, ಬೀಳದೆ ಒಂದು ಸುತ್ತು ಹಾಕಿ ಬಂದಳು. ಹೆಲ್ಮೆಟ್ ತೆಗೆದವಳು ತನ್ನ ಚಕ್ರದ ಗುರುತು ನೋಡಲೇ ಇಲ್ಲ; ಅಪ್ಪ ನಿಂತಿದ್ದ ಜಾಗದಲ್ಲಿ ಅವರ ಹಿಮ್ಮಡಿಗಳು ತೋಡಿದ್ದ ಎರಡು ಗುಂಡಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟಳು: "ಅಪ್ಪಾ, ನೀನು ಹೆದರಿದ್ದು ಇಲ್ಲೇ."