ಹೋಬರ್ಟ್ ಭಾವನ ಮೂರು ಭಾನುವಾರ

ಗೆದ್ದವರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ಬರೆದುಕೊಳ್ಳಲಿ. ನಾನು ನನ್ನ ಭಾವ ಹೋಬರ್ಟ್ ಕೇಗಲ್‌ನ ವಿಷಯ ಹೇಳುತ್ತೇನೆ. ನಮ್ಮ ಕೆರೊಲಿನಾದ ಕೆಂಪು ಮಣ್ಣಿನ ಪಂದ್ಯದಲ್ಲಿ ಅವನು ಕಾರು ಓಡಿಸಿದ್ದು 1950ರ ಬೇಸಿಗೆಯ ಮೂರೇ ಮೂರು ಭಾನುವಾರ. ವಾರವಿಡೀ ಕಾಲುಚೀಲದ ಮಿಲ್ಲಿನಲ್ಲಿ ಯಂತ್ರ ರಿಪೇರಿ. ಭಾನುವಾರ ಚರ್ಚು ಮುಗಿಸಿ, ಮನೆಯ ಕಾರಿನ ದೀಪಗಳಿಗೆ ಗಾಜು ಒಡೆದು ಚೆಲ್ಲದಂತೆ ಅಂಟುಪಟ್ಟಿ ಹಚ್ಚಿ, ಬಾಗಿಲು ತೆರೆದುಕೊಳ್ಳದಂತೆ ಸೊಂಟದ ಬೆಲ್ಟಿನಿಂದ ಬಿಗಿದು ಹೊರಡುತ್ತಿದ್ದ. ಆಗ ಎಲ್ಲರೂ ಮನೆ ಕಾರನ್ನೇ ಓಡಿಸುತ್ತಿದ್ದುದು.

ನನ್ನ ಅಕ್ಕ ವರ್ಲೀನ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ. "ಇರೋದೊಂದು ಕಾರು. ಮೂರು ಸಲ ನೋಡು. ಒಂದ್ಸಲ ಗೆದ್ರೂ ಸಾಯೋವರ್ಗೂ ಓಡ್ಸು, ನಾನು ತುಟಿ ಪಿಟಿಕ್ ಅನ್ನಲ್ಲ. ಇಲ್ದಿದ್ರೆ ಬಿಟ್ಬಿಡ್ಬೇಕು" ಅಂದಳು. ಭಾವ ಮಾತು ಕೊಟ್ಟ. ಮೊದಲ ಸಲ ಚಕ್ರ ಕಳಚಿಕೊಂಡು ಅವನಿಗಿಂತ ಮುಂದೆ ಓಡಿತು. ಎರಡನೆಯ ಸಲ ಏಳನೆಯವನಾದ.

ಮೂರನೆಯ ಭಾನುವಾರ ಮಾತ್ರ ಅವನನ್ನು ಹಿಡಿಯುವವರೇ ಇರಲಿಲ್ಲ. ಇನ್ನು ಐದು ಸುತ್ತು ಬಾಕಿ, ಭಾವನೇ ಮುಂದೆ. ಬೇಯಿಸಿದ ಕಡಲೆಕಾಯಿ ಚೆಲ್ಲಿದ್ದೂ ಗೊತ್ತಾಗದೆ ಅಕ್ಕ ಎದ್ದು ಕೂಗುತ್ತಿದ್ದಳು! ಅಷ್ಟರಲ್ಲಿ ಡಾಯ್ಲ್ ಹಫ್‌ಮನ್‌ನ ಕಾರು ಪಲ್ಟಿ ಹೊಡೆಯಿತು. ಹಳದಿ ಬಾವುಟ ಬೀಸಿದರು. ಎಲ್ಲರೂ ನಿಧಾನವಾಗಿ ಸುತ್ತುತ್ತಿರಬೇಕು, ನಿಲ್ಲುವಂತಿಲ್ಲ. ಡಾಯ್ಲ್‌ನನ್ನು ಒಯ್ಯಲು ಬಂದದ್ದು ಉದ್ದನೆಯ ಕರಿ ಶವದ ಗಾಡಿ. ನಮ್ಮಲ್ಲಿ ಆಂಬುಲೆನ್ಸೂ ಅದೇ.

ಶವದ ಗಾಡಿ ಎದುರಾದರೆ ನಾವು ಪಕ್ಕಕ್ಕೆ ನಿಂತು ಟೋಪಿ ತೆಗೆಯುವವರು. ತಲೆ ಯೋಚಿಸುವ ಮೊದಲೇ ಕೈಕಾಲು ಆ ಕೆಲಸ ಮಾಡಿರುತ್ತವೆ. ಡಾಯ್ಲ್‌ನನ್ನು ಹೊತ್ತ ಗಾಡಿ ಎದುರು ಬಂದದ್ದೇ ತಡ, ಭಾವ ಕಾರು ಪಕ್ಕಕ್ಕೆ ನಿಲ್ಲಿಸಿ, ಚರ್ಮದ ಟೋಪಿಯನ್ನು ಎದೆಗೊತ್ತಿಕೊಂಡು ತಲೆ ಬಗ್ಗಿಸಿದ. ಎಂಟು ಕಾರು ಅವನನ್ನು ದಾಟಿ ಹೋದವು.

ಡಾಯ್ಲ್ ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿದ. "ಲೇ ಹೋಬರ್ಟಾ! ಮುರ್ದಿರೋದು ಕೈ ಕಣೋ, ನಾನಿನ್ನೂ ಸತ್ತಿಲ್ಲ! ಓಡ್ಸೋ ಕತ್ತೆ!"

"ಅಯ್ಯೋ, ತಪ್ಪಾಯ್ತು ಮಾರಾಯ!" ಅಂದ ಭಾವ.

ಜನ ಬಿದ್ದು ಬಿದ್ದು ನಕ್ಕರು. ಹಳದಿ ಬಾವುಟ ಇಳಿದ ಮೇಲೆ ಉಳಿದ ಮೂರು ಸುತ್ತಿನಲ್ಲಿ ಭಾವ ಏಳು ಜನರನ್ನು ಹಿಂದೆ ಹಾಕಿದ. ಎಂಟನೆಯವನು ಮೊಳದಷ್ಟು ಅಂತರದಲ್ಲಿ ಗೆದ್ದುಬಿಟ್ಟ. ನನಗೆ ಆ ಮನುಷ್ಯನ ಮೇಲೆ ಇವತ್ತಿಗೂ ಸಿಟ್ಟಿದೆ.

ಮನೆಗೆ ಬಂದವನೇ ಭಾವ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಕಾರಿನ ಬಾಗಿಲ ಮೇಲೆ ಬರೆದಿದ್ದ ಪಂದ್ಯದ ನಂಬರು ಒರೆಸಲು ಕೂತ. ಅಕ್ಕ ಬಟ್ಟೆ ಕಿತ್ತುಕೊಂಡಳು.

"ಬಿಡು. ನಾನಂತೂ ನೀನೇ ಗೆದ್ದೆ ಅಂತ್ಲೇ ಅನ್ಕೊಂಡಿದೀನಿ. ಮುಂದಿನ ವಾರಾನೂ ಓಡ್ಸು. ನೀನಲ್ಲಿ ತಲೆ ಬಗ್ಸಿ ನಿಂತಾಗ, ಇಂಥೋನ್ನ ಕಟ್ಕೊಂಡ್ನಲ್ಲಾ ಅಂತ ಎಷ್ಟು ಖುಷಿಯಾಯ್ತು ಗೊತ್ತಾ?"

ಭಾವನ ಮುಖ ಊರಗಲವಾಯಿತು. ಆದರೂ ಹೇಳಿದ: "ಬೇಡ ವರ್ಲೀನ್. ವಾರ ವಾರ ಯಾರಾದ್ರೂ ಒಬ್ಬ ಉರುಳ್ತಾನೆ, ಆ ಗಾಡಿ ಬಂದೇ ಬರುತ್ತೆ. ಬಂದ್ರೆ ನಾನು ನಿಲ್ಲೋನೇ."

ಅಕ್ಕ ಇನ್ನೊಂದು ಬಟ್ಟೆ ತಂದು ಆ ಕಡೆಯ ಬಾಗಿಲು ಒರೆಸಲು ಕೂತಳು. ನಗು ತಡೆಯಲಾಗದೆ ಇಬ್ಬರೂ ಅರ್ಧಕ್ಕೇ ಬಿಟ್ಟರು. ಮುಂದಿನ ಭಾನುವಾರ ಆ ಅರ್ಧ ನಂಬರಿನ ಕಾರಿನಲ್ಲೇ ನಾವೆಲ್ಲ ಚರ್ಚಿಗೆ ಹೋದೆವು.