ಅತ್ತಿಗೆಗೆ ಅವ್ವ ಕೈ ಕೊಟ್ಟಿದ್ದು

ನಮ್ಮತ್ತಿಗೆ ಸುಕನ್ಯಳಿಗೆ ಯಾರನ್ನು ಕಂಡರೂ ಮೊದಲು ಕಾಣುತ್ತಿದ್ದುದು ಅವರ ತೂಕ. ಮದುವೆ ಮನೆಯಲ್ಲಿ ಹೆಣ್ಣಿನ ಒಡವೆ ನೋಡಿ ನಾವೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರೆ ಇವಳು ನನ್ನ ಕಿವಿಯ ಹತ್ತಿರ ಬಂದು, "ಐವತ್ತೆಂಟು ಕೇಜಿ ಅವ್ಳೆ ಕಣಮ್ಮ, ಆರಾಮಾಗಿ ಎತ್ತಬೋದು" ಅನ್ನುತ್ತಿದ್ದಳು. ಓಟು ಕೇಳಲು ಬಂದ ಮುಖಂಡರನ್ನೂ ಬಿಟ್ಟವಳಲ್ಲ. ಅವರು ಕೈಮುಗಿದು ಅತ್ತ ಹೋಗುತ್ತಿದ್ದಂತೆ, ಭಾರವೇನೋ ಇದೆ, ಎಲ್ಲಾ ಹೊಟ್ಟೆಯಲ್ಲೇ ಸೇರಿಕೊಂಡು ಹಿಡಿಯುವುದಕ್ಕೆ ಜಾಗವಿಲ್ಲ ಎಂದು ತೀರ್ಪು ಕೊಡುತ್ತಿದ್ದಳು.

ಮಳವಳ್ಳಿ ಕಡೆಯ ಹೆಣ್ಣು. ಕೊತ್ತತ್ತಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮಣ್ಣ ಮಾತಿನ ಮಲ್ಲ, ಕೆಲಸದಲ್ಲಿ ಮೈಗಳ್ಳ. ಮಕ್ಕಳಾಗಲಿಲ್ಲ. ಅದರ ತಪ್ಪನ್ನೂ ಎಂದಿನಂತೆ ಅವಳ ತಲೆಗೇ ಕಟ್ಟಿದರು. ಗದ್ದೆ ಕೆಲಸ, ಮನೆ ಕೆಲಸ ಎರಡನ್ನೂ ಮಾಡಿ, ಸಾಲದೆಂದು ಅವಳು ಮಂಡ್ಯದ ಒಂದು ಜಿಮ್ಮಿಗೆ ಕಸ ಗುಡಿಸಲು ಸೇರಿದಳು.

ಅಲ್ಲಿನ ಹುಡುಗರು ಕಬ್ಬಿಣದ ಬಾರನ್ನು ತೂಕದ ತಟ್ಟೆಗಳ ಸಮೇತ ನೆಲದ ಮೇಲೆ ಬಿಟ್ಟು, ಕನ್ನಡಿ ಮುಂದೆ ನಿಂತು ತೋಳು ನೋಡಿಕೊಳ್ಳುತ್ತಿದ್ದರಂತೆ. ಇವಳು ಒರೆಸಬೇಕಾದ ಜಾಗ ಅದರ ಕೆಳಗೆ. ಎಷ್ಟು ಹೊತ್ತು ಕಾಯುವುದೆಂದು ಸೆರಗು ಸಿಕ್ಕಿಸಿ, ಬಾರನ್ನು ಎತ್ತಿ ಆ ಕಡೆಗಿಟ್ಟು, ನೆಲ ಒರೆಸಿ, ಮತ್ತೆ ಎತ್ತಿ ಈ ಕಡೆಗಿಟ್ಟಳು. ಅಲ್ಲಿನ ಕೋಚ್ ಅದನ್ನು ನೋಡಿಬಿಟ್ಟರು. ಅಂದಿನಿಂದ ಕಸ ಗುಡಿಸಿದ ಮೇಲೆ ಅವಳಿಗೆ ಒಂದು ಗಂಟೆ ಭಾರ ಎತ್ತುವ ಪಾಠ. ಸೀರೆಯ ಒಳಗೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು.

ಗುಟ್ಟು ಹೊರಬಿದ್ದ ದಿನ ಅವ್ವ ರಂಪ ಮಾಡಿದಳು. ಮೊದಲೇ ಮಕ್ಕಳಿಲ್ಲ, ಭಾರ ಎತ್ತಿದರೆ ಇರುವ ಗರ್ಭಕೋಶವೂ ಜಾರುತ್ತದೆ ಎಂದು ಅವಳ ವಾದ. ಅತ್ತಿಗೆ ರಾಗಿಮುದ್ದೆ ತಿರುವುತ್ತಲೇ, "ಕಬ್ಬಿನ ಒರೆ ಒತ್ತಾಗ ಜಾರ್‍ನಿಲ್ವಾ ಅತ್ತೆಮ್ಮ?" ಎಂದು ಕೇಳಿದಳು. ಅವ್ವ ಊಟ ಬಿಟ್ಟು ಎದ್ದಳು.

ಇದೇನು ಹುಚ್ಚು ಅತ್ತಿಗೆ ಎಂದು ನಾನೂ ಒಮ್ಮೆ ಕೇಳಿದ್ದೆ. "ಗದ್ದೇಲಿ ಒತ್ತಿದ್ದೆಲ್ಲ ಮನೆಗೆ. ಇದೊಂದು ನಂದು ಕಣಮ್ಮ. ಎತ್ತಿ ಇಳಿಸ್ಬುಟ್ರೆ ಯಾರ್ಗೂ ಏನೂ ಉಪ್ಯೋಗ ಇಲ್ಲ" ಎಂದಳು. ಅಷ್ಟು ಸಂತೋಷದಿಂದ ಅವಳು ಬೇರೆ ಯಾವ ಮಾತನ್ನೂ ಆಡಿದ್ದು ನನಗೆ ನೆನಪಿಲ್ಲ.

ರಾಜ್ಯಮಟ್ಟಕ್ಕೆ ಆಯ್ಕೆ ಮಾಡುವ ಸ್ಪರ್ಧೆ ಮಂಡ್ಯದಲ್ಲೇ ಬಂತು. ಗೆದ್ದರೆ ಹೆಂಗಸರಿಗೆ ಕಲಿಸುವ ಕೆಲಸ ಕೊಡುತ್ತೇನೆಂದು ಕೋಚ್ ಹೇಳಿದ್ದರು. ಪೊರಕೆ ಹಿಡಿಯುವುದು ತಪ್ಪುತ್ತಿತ್ತು. ಅಣ್ಣ ನೆಂಟರ ಎದುರಿಗೇ ಕಡ್ಡಿ ಮುರಿದಂತೆ ಹೇಳಿದ: "ಗೆದ್ರೆ ಓಗು, ಬ್ಯಾಡ ಅನ್ನಕಿಲ್ಲ. ಸೋತ್ರೆ ಜಿಮ್ಮು ಗಿಮ್ಮು ಎಲ್ಲಾ ಬಂದ್." ಅತ್ತಿಗೆ ಒಪ್ಪಿದಳು. ಗೆಲ್ಲುತ್ತೇನೆಂಬ ಧೈರ್ಯ ಅವಳಿಗಿತ್ತು.

ಆ ದಿನ ಅವ್ವ ತಾನಾಗಿಯೇ ಹೊರಟು ನಿಂತದ್ದು ನಮಗೆಲ್ಲ ಆಶ್ಚರ್ಯ. ನಾನು ಮದ್ದೂರಿನ ನನ್ನ ಗಂಡನ ಮನೆಯಿಂದ ನೇರ ಅಲ್ಲಿಗೇ ಹೋಗಿದ್ದೆ. ಮದುವೆಗೆ ಬಂದವಳಂತೆ ರೇಷ್ಮೆ ಸೀರೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು, ಅವ್ವ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಗದ್ದೆಯಲ್ಲಿ ಹುಲ್ಲಿನ ಹೊರೆ ತಲೆಗೇರಿಸುವಾಗ ಒಬ್ಬರೇ ಒದ್ದಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ಯಾರಾದರೂ ಸರಿ, ಬಂದು ಕೈ ಕೊಡುತ್ತಾರೆ. ಕೇಳುವುದೂ ಬೇಕಿಲ್ಲ. ಮಾತು ಬಿಟ್ಟವರು ಮಾತ್ರ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಮ್ಮವ್ವ ಹಾಗೆ ಎಷ್ಟೋ ಸಲ ಸೊಸೆಯನ್ನು ದಾಟಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ.

ಮೊದಲ ಎರಡು ಸಲ ಅತ್ತಿಗೆಯ ಕೈಯಿಂದ ಬಾರು ಬಿದ್ದುಹೋಯಿತು. ಉಳಿದದ್ದು ಕೊನೆಯದೊಂದು ಸಲ. ಎದೆಯವರೆಗೆ ಎಳೆದುಕೊಂಡಳು. ಅದರಡಿ ಕುಕ್ಕರಗಾಲಲ್ಲಿ ಕೂತು ಏಳಲು ಹವಣಿಸುತ್ತಿದ್ದಳು. ಕತ್ತಿನ ನರ ಉಬ್ಬಿತ್ತು, ತೊಡೆ ನಡುಗುತ್ತಿತ್ತು. ನಾನು ಅವಳನ್ನೇ ನೋಡುತ್ತಿದ್ದೆ. "ತಡಿ ಮೊಗ, ಬಂದೆ" ಎಂದದ್ದು ಕೇಳಿಸಿತು. ಪಕ್ಕ ತಿರುಗುವಷ್ಟರಲ್ಲಿ ಅವ್ವ ಅಲ್ಲಿರಲಿಲ್ಲ. ಬರಿಗಾಲಲ್ಲಿ ಓಡಿಹೋಗಿ ಬಾರಿನ ತುದಿಗೆ ಕೈ ಕೊಟ್ಟಿದ್ದಳು.

ಅತ್ತಿಗೆ ಎದ್ದು ನಿಂತಳು, ತಲೆಯ ಮೇಲಕ್ಕೂ ಎತ್ತಿದಳು. ಅವ್ವ ಪಕ್ಕದಲ್ಲೇ ನಿಂತು ನಗುತ್ತಿದ್ದಳು. ಕೆಂಪು ದೀಪ ಹೊತ್ತಿತು. ಬೇರೆಯವರ ಕೈ ತಾಗಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಕೋಚ್ ಎಷ್ಟು ಕೂಗಾಡಿದರೂ ತೀರ್ಪುಗಾರರು ನಿಯಮ ನಿಯಮವೇ ಅಂದರು. ಹೊರೆ ಎತ್ತಿಸಿದವಳನ್ನು ಯಾಕೆ ಬೈಯುತ್ತಿದ್ದಾರೆಂದು ಅವ್ವನಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು.

ಊರಿಗೆ ಊರೇ ನಕ್ಕಿತು. ಕೈ ಕೊಡುವುದೆಂದರೆ ನೆರವಾಗುವುದೂ ಹೌದು, ಮೋಸ ಮಾಡುವುದೂ ಹೌದು. "ಅತ್ತೆ ಸರಿಯಾಗೇ ಕೈ ಕೊಟ್ಲು ಬುಡು" ಎಂದು ಡೇರಿಗೆ ಹಾಲು ಹಾಕಲು ನಿಂತವರು ಅವ್ವನಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಸೊಸೆಯನ್ನು ಸೋಲಿಸಲೆಂದೇ ಮಾಡಿದಳೆಂದು ನಂಬಿದವರು ಈಗಲೂ ಇದ್ದಾರೆ. ಅವ್ವ ಡೇರಿಗೆ ಹೋಗುವುದನ್ನೇ ಬಿಟ್ಟಳು. ಅಣ್ಣ ಮಾತ್ರ ಲಾಟರಿ ಹೊಡೆದವನಂತೆ ಓಡಾಡಿದ.

ಕೋಚ್ ಮನೆಗೇ ಬಂದು, ಇನ್ನೊಂದು ಸ್ಪರ್ಧೆ ಇದೆ, ಬಾರಮ್ಮ ಎಂದು ಕರೆದರು. ಅತ್ತಿಗೆ ಒಲ್ಲೆ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆಡಿದ ಒಂದು ಮಾತನ್ನೂ ಉಳಿಸಿಕೊಳ್ಳದ ಗಂಡನಿಗೆ ಕೊಟ್ಟ ಮಾತನ್ನು ಕಟ್ಟಿಕೊಂಡು ಯಾಕೆ ಸಾಯುತ್ತೀಯ ಎಂದು ಜಗಳವಾಡಿದೆ.

"ನಿಮ್ಮಣ್ಣನ ಮಾತು ಯಾರ್ಗ್ ಬೇಕು. ನಾನು ಜಿಮ್ಮಿನ ಬ್ಯಾಗ್ ತಕ್ಕಂಡ್ರೆ ಸಾಕು, ಆಯಮ್ಮ ಒಲೆ ಮುಂದೆ ಕುಂತು ಅಳ್ತಳೆ. ಎದ್ದೇ ಏಳ್ತಿದ್ದೆ ಕಣಮ್ಮ ಅವತ್ತು. ಅದ್ನ ಆಯಮ್ಮಂಗೆ ಎಂಗೇಳ್ಲಿ? ನೀನು ಮುಟ್ಟಿ ಕೆಡಿಸ್ದೆ ಅಂದಂಗಾಗಕಿಲ್ವಾ?"

ಕೈ ಕೊಡದಿದ್ದರೂ ಏಳುತ್ತಿದ್ದಳು! ಆ ಮಾತನ್ನು ಅವಳು ಅವ್ವನ ಎದುರು ಕೊನೆಯವರೆಗೂ ಆಡಲಿಲ್ಲ.

ಅವ್ವ ಲಕ್ವ ಹೊಡೆದು ಮಲಗಿದಾಗ ಅವಳನ್ನು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಬಿಸಿಲಿಗೆ ಎತ್ತಿಕೊಂಡು ತಿರುಗಿದವಳು ಅತ್ತಿಗೆ. ಕೋಚ್ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು, ಮಂಡಿ ಮಡಿಸಿ, ಉಸಿರು ಕಟ್ಟಿ ಎತ್ತುತ್ತಿದ್ದಳು. ಅಣ್ಣನಿಗೆ ಆಗೆಲ್ಲ ಸೊಂಟನೋವು.

ಅವ್ವ ಹೋದ ದಿನ, ಚಟ್ಟ ಎತ್ತುವ ಹೊತ್ತಿಗೆ ಅತ್ತಿಗೆ ಸೆರಗು ಸಿಕ್ಕಿಸಿ ಮುಂದೆ ಬಂದಳು. ನಾನೂ ಒಂದು ಕಡೆ ಹಿಡಿಯುತ್ತೇನೆ ಎಂದಳು. "ಎಂಗಸ್ರು ಮುಟ್ಟಂಗಿಲ್ಲ, ಒಳಗೋಗು" ಎಂದು ಅಣ್ಣ ಎಲ್ಲರ ಮುಂದೆ ಗದರಿದ. ಅವಳು ಸೆರಗು ಬಿಚ್ಚಿ ಇಳಿಬಿಟ್ಟು ಹಿಂದೆ ಸರಿದಳು. ಗಂಡಸರು ಗದ್ದೆ ಬದುವಿನ ಮೇಲೆ ಎಡವುತ್ತ, ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತ ಹೊತ್ತುಕೊಂಡು ಹೋದರು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅಂಥ ಮುಖವನ್ನು ನಾನು ಮತ್ತೆ ನೋಡಲಾರೆ.

ತಿಥಿಯ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಮಾರನೆಯ ಬೆಳಿಗ್ಗೆ ತವರಿನ ಕಡೆಗೆ ಮಳವಳ್ಳಿ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿಗೆ ನಾನು ಹೋಗಿದ್ದೆ. ತನ್ನ ಬಟ್ಟೆಬರೆಯನ್ನೆಲ್ಲ ಕಟ್ಟಿದ ಗಂಟನ್ನು ಅವಳು ತಾನೇ ಎತ್ತಿ ಬಸ್ಸಿನೊಳಗಿಟ್ಟಳು.

ಮೊನ್ನೆ ಅಣ್ಣ ಫೋನು ಮಾಡಿದ್ದ. ದನ, ಗದ್ದೆ, ಅಡುಗೆ ಎಲ್ಲಾ ಅವನ ಮೇಲೇ ಬಿದ್ದಿದೆಯಂತೆ. "ನೀನಾರ ಓಗಿ ಕರ್ಕಂಡ್ ಬಾವ್ವ. ಒಬ್ನೇ ಎಷ್ಟು ಅಂತ ಎತ್ಲಿ?" ಎಂದು ಗೋಗರೆದ.

"ಎತ್ತು" ಅಂದೆ.