ಎಳ್ಳು-ಬೆಲ್ಲದ ಡಬ್ಬ ಮತ್ತು ಯಾರದೋ ಮದುವೆ ಪತ್ರಿಕೆ

ಜೆರಾಕ್ಸ್ ಅಂಗಡಿಯವರು ಪ್ರಿಂಟ್ ತೆಗೆದು ಕೈಗೆ ಕೊಟ್ಟರು. ನೋಡಿದರೆ ನನ್ನ ಎಳ್ಳು-ಬೆಲ್ಲದ ಡಬ್ಬ ಬೆಂಕಿಪೊಟ್ಟಣದಷ್ಟಾಗಿತ್ತು!

ಸಂಕ್ರಾಂತಿ ಹತ್ತಿರ ಬಂದಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಎಳ್ಳು ಬೀರುವುದು ಬೇಡ, ಮನೆಯಲ್ಲೇ ಪುಟ್ಟ ಡಬ್ಬ ಮಾಡೋಣ ಅಂತ ನೆಟ್‌ನಲ್ಲಿ ಫ್ರೀಯಾಗಿ ಸಿಗುವ ಟೆಂಪ್ಲೇಟ್ ಒಂದನ್ನು ಡೌನ್‌ಲೋಡ್ ಮಾಡಿದ್ದೆ. ಕತ್ತರಿಸಿ, ಗೆರೆ ಇದ್ದಲ್ಲಿ ಮಡಚಿ, ಅಂಟಿಸಿದರೆ ಮುಗಿಯಿತು ಅಂತ ಅದರ ವಿಡಿಯೋದಲ್ಲಿ ಒಬ್ಬಾಕೆ ಹೇಳುತ್ತಾಳೆ.

ಆಕೆಗೇನು, ಆಕೆ ಮದ್ದೂರು ಹತ್ತಿರದ ನಮ್ಮ ಕೊಪ್ಪದಲ್ಲಿ ಇಲ್ಲವಲ್ಲ...

ಸೈಜ್ ದೊಡ್ಡದು ಮಾಡಿಸಿ ಮತ್ತೆ ಪ್ರಿಂಟ್ ತೆಗೆಸಿದೆ. ಇನ್ನು ಬೇಕಾಗಿದ್ದು ದಪ್ಪ ಹಾಳೆ. ಮದ್ದೂರಿನ ಅಂಗಡಿಗಳಲ್ಲಿ ಕೇಳಿದರೆ ಎಲ್ಲರೂ ಚಾರ್ಟ್ ಶೀಟ್ ತೋರಿಸುತ್ತಾರೆ. ಅದರಲ್ಲಿ ಒಂದು ಮಾಡಿ ನೋಡಿದೆ, ಸಕ್ಕರೆ ಅಚ್ಚು ಇಟ್ಟ ತಕ್ಷಣ ಡಬ್ಬ ಹೊಟ್ಟೆ ಬಿಟ್ಟುಕೊಂಡು ಕೂತಿತು.

ಇಷ್ಟು ಪಾಡು ಯಾಕೆ ಅಂತೀರಾ? ಎದುರು ಮನೆಯ ಚಿಕ್ಕತ್ತೆಗಾಗಿ.

ಚಿಕ್ಕತ್ತೆ ಅಂದರೆ ನನ್ನ ಮಾವನವರ ತಮ್ಮನ ಹೆಂಡತಿ. ನನ್ನ ಮದುವೆಗೆ ಬರಲಿಲ್ಲ, ಆಮೇಲೆ ನಮ್ಮ ಹೊಸಿಲೂ ತುಳಿದಿಲ್ಲ.

ಕಾರಣ ಇಷ್ಟೇ. ಮದುವೆ ಗಡಿಬಿಡಿಯಲ್ಲಿ ನಮ್ಮತ್ತೆ ಅವರಿಗೆ ಲಗ್ನಪತ್ರಿಕೆಯನ್ನು ಹಾಲಿನ ಡೈರಿ ಹತ್ತಿರ ಕೊಟ್ಟುಬಿಟ್ಟಿದ್ದರು, ಕೈಯಲ್ಲಿ ಕ್ಯಾನ್ ಹಿಡಿದುಕೊಂಡೇ! ನಮ್ಮ ಕಡೆ ಗೊತ್ತಲ್ಲ, ಮನೆಗೆ ಹೋಗಿ ಕುಂಕುಮ ಇಟ್ಟು ಪತ್ರಿಕೆ ಕೊಟ್ಟರೆ ಮಾತ್ರ ಅದು ಕರೆದ ಹಾಗೆ. ಬೀದಿಯಲ್ಲಿ ಕೊಡುವುದಕ್ಕಿಂತ ಕರೆಯದಿರುವುದೇ ವಾಸಿ.

ಅತ್ತೆಯೂ ಬಗ್ಗುವವರಲ್ಲ. “ಎದ್ರು ಮನೆಯೋಳ್ಗೆ ಎಂತಾ ಪತ್ರಿಕೆ? ಕೂಗುದ್ರೆ ಕೇಳ್ತದೆ” ಅನ್ನುತ್ತಾರೆ.

ನಡುವೆ ಬೇಜಾರು ನನಗೆ. ಕೈಕೆಲಸದ ಹುಚ್ಚಿರುವವರು ನಮ್ಮ ಬೀದಿಯಲ್ಲಿ ಇಬ್ಬರೇ, ನಾನು ಮತ್ತು ಚಿಕ್ಕತ್ತೆ. ಅವರ ಬಾಗಿಲಿನ ಮಣಿ ತೋರಣವನ್ನು ನಮ್ಮ ಕಿಟಕಿಯಿಂದ ಕದ್ದು ನೋಡುವುದೇ ನನ್ನ ಕೆಲಸ.

ಹೋದ ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋಗಿದ್ದರು. ಈ ಸಲ ಡಬ್ಬ ನೋಡಿಯಾದರೂ ನಾಲ್ಕು ಮಾತಾಡಲಿ, ಒಂದು ಸಲ ನಮ್ಮ ಮನೆಗೆ ಬರಲಿ ಅನ್ನುವ ಆಸೆ.

ಮಾರನೇ ದಿನ ಗಾಡಿ ತೆಗೆದುಕೊಂಡು ಮಂಡ್ಯಕ್ಕೇ ಹೋದೆ. ಡಬ್ಬಕ್ಕೆ ಕಟ್ಟುವ ಜರಿ ಲೇಸು, ಸೀರೆ ಫಾಲ್ಸ್ ಮಾರುವ ಮ್ಯಾಚಿಂಗ್ ಸೆಂಟರಿನಲ್ಲಿ ಸಿಕ್ಕಿತು. ದಪ್ಪ ಹಾಳೆ ಮಾತ್ರ ಪೇಟೆಯೆಲ್ಲ ಸುತ್ತಿದ ಮೇಲೆ ಕೊನೆಗೆ ಸಿಕ್ಕಿದ್ದು ಮದುವೆ ಪತ್ರಿಕೆ ಪ್ರಿಂಟ್ ಮಾಡುವ ಅಂಗಡಿಯಲ್ಲಿ.

“ಒಂದ್ ಮದ್ವೆದು ತಪ್ಪಾಗಿ ಪ್ರಿಂಟ್ ಆಗೋಗದೆ. ಇನ್ನೊಂದ್ ಕಡೆ ಖಾಲಿ, ತಗೊಂಡೋಗವ್ವ” ಅಂದರು ಅಂಗಡಿಯವರು. ಖಾಲಿ ಇರುವ ಕಡೆ ಕೆನೆ ಬಣ್ಣ, ಮುಟ್ಟಿದರೆ ಗಟ್ಟಿ. ಅಕ್ಷರ ಇರುವ ಕಡೆ ಒಳಗೆ ಮಡಚಿದರೆ ಯಾರು ನೋಡುತ್ತಾರೆ ಅಂದುಕೊಂಡೆ.

ಟೆಂಪ್ಲೇಟ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಕತ್ತರಿಸಿ, ಅಂಟಿಸಿ, ಲೇಸು ಕಟ್ಟಿದೆ. ಅತ್ತೆ ಒಂದನ್ನು ತಿರುಗಿಸಿ ನೋಡಿ “ಎಳ್ಳಿಗಿಂತ ಡಬ್ಬದ್ದೇ ಜೋರಾಯ್ತಲ್ಲವ್ವ” ಅಂದರು. ಹೊಗಳಿದರೋ ತೆಗಳಿದರೋ ಇವತ್ತಿಗೂ ಗೊತ್ತಿಲ್ಲ.

ಹಬ್ಬದ ಸಂಜೆ ಬೀದಿಯ ಮನೆಗಳಿಗೆಲ್ಲ ಕಬ್ಬಿನ ತುಂಡಿನ ಜೊತೆ ಡಬ್ಬ ಕೊಟ್ಟೆ. ಚಿಕ್ಕತ್ತೆಗೆ ಕುಂಕುಮ ಇಟ್ಟು ಕೊಟ್ಟೆ. ಅವರು ಡಬ್ಬದ ಅಂಚನ್ನು ಬೆರಳಲ್ಲಿ ಸವರಿ ನೋಡಿದರು, ಹಾಗೇ ಒಳಗೆ ಹೋದರು. ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬಂದೆ.

ಬೆಳಿಗ್ಗೆ ಮೂಲೆ ಮನೆಯಿಂದ ಫೋನು. “ಯಾವಾಗವ್ವ ಮದ್ವೆ? ಬೀಗರೂಟಾನೂ ಅದಾ?”

ಯಾವ ಮದುವೆ? ಉಳಿದಿದ್ದ ಡಬ್ಬವೊಂದನ್ನು ಸುರಿದು ನೋಡಿದೆ. ತಳದಲ್ಲಿ ಬಂಗಾರದ ಅಕ್ಷರ... ‘ತಾವು ಸಕುಟುಂಬ ಸಮೇತರಾಗಿ ಆಗಮಿಸಿ’. ಎಳ್ಳು ತಿಂದು ಮುಗಿಸಿದವರಿಗೆಲ್ಲ ಆಹ್ವಾನ!

ಚಿಕ್ಕತ್ತೆ ಇದನ್ನು ಓದಿದರೆ? ಪತ್ರಿಕೆ ವಿಚಾರಕ್ಕೇ ಮುನಿಸಿಕೊಂಡವರು, ಬೇಕಂತಲೇ ಅಣಕಿಸಿದ್ದಾರೆ ಅಂದುಕೊಳ್ಳುವುದಿಲ್ಲವಾ? ಗಾಯದ ಮೇಲೆ ಬರೆ ಎಳೆದ ಹಾಗಾಯಿತಲ್ಲ ಅಂತ ನಾನು ಅಳುವುದೊಂದು ಬಾಕಿ.

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕತ್ತೆ! ಒಂದು ಕೈಯಲ್ಲಿ ಖಾಲಿ ಡಬ್ಬ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಸೀದಾ ಅತ್ತೆಯ ಮುಂದೆ ಹೋಗಿ ನಿಂತರು.

“ಅಂತೂ ನಮ್ಮನೆ ಬಾಗ್ಲಿಗೆ ಬಂದು, ಕುಂಕ್ಮ ಇಕ್ಕಿ ಕರುದ್ರಲ್ಲ. ಬಂದಿವ್ನಿ ಕಣಕ್ಕ.”

ಅತ್ತೆ ನನ್ನ ಮುಖ ನೋಡಿದರು. ಡಬ್ಬ ನೋಡಿದರು. ಪಾಪ ಅವರಿಗೆ ಏನೂ ಗೊತ್ತಿಲ್ಲ, ಆದರೆ ಕಿಲಾಡಿ.

“ಮತ್ತೆ? ಕರೀದೆ ಇರ್ತೀವಾ? ಬಾ, ಕೂತ್ಕೋ” ಅಂದವರೇ ಕಾಫಿ ಇಡಲು ಒಳಗೆ ನಡೆದರು. ಅಲ್ಲಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ಗಂಟು ಬಿಚ್ಚಿದರೆ ಮಣಿ ತೋರಣ. ಹಸಿರು ಗಿಳಿ, ಕೆಂಪು ಕೊಕ್ಕು. ನನ್ನ ಮದುವೆಗೆ ಅಂತಲೇ ಪೋಣಿಸಿ, ಕೊಡಲಾಗದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರಂತೆ. ತೋರಣವನ್ನು ಎತ್ತಿ ಬೆಳಕಿಗೆ ಹಿಡಿದೆ.

ಕಾಫಿ ಆಯಿತು, ಇಬ್ಬರದೂ ಊರ ಸುದ್ದಿಯೆಲ್ಲ ಆಯಿತು. ಹೊರಡುವಾಗ ಚಿಕ್ಕತ್ತೆ ನನ್ನ ಕಿವಿಯ ಹತ್ತಿರ ಬಂದರು.

“ಅದು ಯಾರ್ದೋ ಮಳವಳ್ಳಿ ಮದ್ವೆದು ಅಂತ ಓದಾಕೆ ಬರಾಕಿಲ್ವಾ ನಂಗೆ? ಮದ್ವೆ ಚತ್ರದ ಎಸ್ರು ಆ ಅಕ್ಸರದ ಪಕ್ಕದಲ್ಲೇ ಅದೆ. ಬರಾಕೆ ಒಂದ್ ನೆಪ ಬೇಕಾಗಿತ್ತು ಕಣವ್ವ...”

ಈಗ ಗಿಳಿ ತೋರಣ ನಮ್ಮ ಬಾಗಿಲಲ್ಲಿದೆ. ಮಳವಳ್ಳಿಯ ಆ ಹೊಸ ಜೋಡಿ ಯಾರೋ ಗೊತ್ತಿಲ್ಲ, ನೂರು ಕಾಲ ಚೆನ್ನಾಗಿರಲಿ.

ನಿಮ್ಮ ಎದುರು ಮನೆಯವರೂ ಹೀಗೇ ಒಂದು ನೆಪಕ್ಕೆ ಕಾಯುತ್ತಾ ಕೂತಿರಬಹುದಾ?